ಪ್ರೋಬ್‌ನಲ್ಲಿ 64 ಕೆಬಿ ಕೆಮ್ಯಾಲಕ್ ಫೇಲ್, ಆಮೇಲೆ ಊಪ್ಸ್. ಎರರ್ ಪಾತ್ ಹೇಗಿರಬೇಕು?

ರಿಂಗ್_ಬಫರ್:
ಲಿನಕ್ಸ್ ಡ್ರೈವರ್. ಪ್ರೋಬ್‌ನಲ್ಲಿ (ಡಿವೈಸ್‌ಗೆ ಡ್ರೈವರ್ ಜೋಡಿಸುವಾಗ ಕರ್ನಲ್ ಕರೆಯುವ ಫಂಕ್ಷನ್) ಮೊದಲು ಪ್ರೈವೇಟ್ ಸ್ಟ್ರಕ್ಟ್, ಆಮೇಲೆ ಇಂಟರಪ್ಟ್ ನೋಂದಣಿ, ಕೊನೆಗೆ ಲಾಗ್‌ಗೆಂದು 64 ಕೆಬಿ ಬಫರ್. ಮೆಮೊರಿ ಎರಡೂ ಕಡೆ ಕೆಮ್ಯಾಲಕ್‌ನಿಂದ (ಕರ್ನಲ್ ಒಳಗೆ ಮೆಮೊರಿ ಪಡೆಯುವ ಕರೆ), ಫ್ಲ್ಯಾಗ್ ಜಿಎಫ್‌ಪಿ_ಕರ್ನಲ್ (ಬೇಕಾದರೆ ಕಾಯಬಹುದು ಅಂತ). ಬೂಟ್ ಆದ ಕೂಡಲೇ ಲೋಡ್ ಮಾಡಿದರೆ ತೊಂದರೆ ಇಲ್ಲ. ಕೆಲವು ದಿನ ಓಡಿದ ಮಷೀನ್‌ನಲ್ಲಿ ಮಾಡ್ಯೂಲ್ ತೆಗೆದು ಮತ್ತೆ ಹಾಕಿದರೆ ‘ಪೇಜ್ ಅಲೊಕೇಶನ್ ಫೇಲ್ಯೂರ್: ಆರ್ಡರ್:4’ ಬರುತ್ತೆ. ನೂರಾರು ಎಂಬಿ ಖಾಲಿ ಇದೆ! ಪ್ರೋಬ್ -ಇನೋಮೆಮ್ (ಮೆಮೊರಿ ಇಲ್ಲ ಎನ್ನುವ ಎರರ್) ಕೊಟ್ಟು ಹೊರಬಂದ ಸ್ವಲ್ಪ ಹೊತ್ತಿಗೆ ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ಊಪ್ಸ್ (ಕರ್ನಲ್ ಒಳಗಿನ ಕ್ರ್ಯಾಶ್).

ಬಡ್ಡಿ_ಲಿಸ್ಟ್:
ಖಾಲಿ ಇರುವುದು ಬೇರೆ, ಒಟ್ಟಿಗೆ ಸಿಗುವುದು ಬೇರೆ. ಪೇಜ್ 4 ಕೆಬಿ ಆದರೆ ಆರ್ಡರ್ 4 ಅಂದ್ರೆ ಭೌತಿಕವಾಗಿ ಅಕ್ಕಪಕ್ಕದಲ್ಲೇ ಇರುವ 16 ಪೇಜ್. /ಪ್ರಾಕ್/ಬಡ್ಡಿಇನ್ಫೋ ತೆಗೆದು ಝೋನ್ ಹೆಸರಿನ ಮುಂದಿನ ಐದನೇ ಅಂಕಿಯಿಂದ ನೋಡಿ. ಅಲ್ಲಿಂದಾಚೆ ಸೊನ್ನೆಗಳೇ ಇದ್ದರೆ ಮೆಮೊರಿ ಚೂರುಚೂರಾಗಿದೆ ಅಂತಲೇ ಅರ್ಥ.

ಆರ್ಡರ್ 3ರವರೆಗೆ, ಅಂದರೆ 32 ಕೆಬಿವರೆಗೆ, ಜಿಎಫ್‌ಪಿ_ಕರ್ನಲ್ ಸುಲಭಕ್ಕೆ ಕೈಚೆಲ್ಲಲ್ಲ. ಓಓಎಂ ಕಿಲ್ಲರನ್ನೂ (ಮೆಮೊರಿ ಸಾಲದಾಗ ಒಂದು ಪ್ರೊಸೆಸ್ ಕೊಲ್ಲುವ ಭಾಗ) ಕರೆಯುತ್ತೆ. ಅದಕ್ಕಿಂತ ಮೇಲಿನದನ್ನು ಬೇಗ ಬಿಟ್ಟುಬಿಡುತ್ತೆ. ಹಾಗಂತ ಸಣ್ಣದಕ್ಕೆ ನಲ್ ಚೆಕ್ ಬಿಡಬೇಡಿ: ಓಓಎಂ ಕಿಲ್ಲರ್ ಆರಿಸಿದ ಪ್ರೊಸೆಸ್‌ನಲ್ಲೇ ನಿಮ್ಮ ಕೋಡ್ ಓಡುತ್ತಿದ್ದರೆ ಅದೂ ಸಿಗದೆ ಹೋಗಬಹುದು.

ಲಾಗ್ ಬಫರ್ ಡಿಎಂಎಗೆ (ಡಿವೈಸ್ ನೇರವಾಗಿ ಮೆಮೊರಿ ಮುಟ್ಟುವುದು) ಹೋಗಲ್ಲ ತಾನೆ? ಹಾಗಿದ್ದರೆ ಕೆವಿಮ್ಯಾಲಕ್ ಬಳಸಿ. ಒಟ್ಟಿಗೆ ಸಿಗದಿದ್ದರೆ ಅದೇ ವಿಮ್ಯಾಲಕ್‌ಗೆ (ಚದುರಿದ ಪೇಜ್‌ಗಳನ್ನು ಒಂದೇ ಸಾಲಿನಂತೆ ತೋರಿಸುವ ಕರೆ) ಹೋಗುತ್ತೆ. ಬಿಡುವಾಗ ಕೆವಿಫ್ರೀ. ಎಲ್ಲೋ ಒಂದು ಕಡೆ ಹಳೇ ಕೆಫ್ರೀ ಉಳಿದರೆ, ವಿಮ್ಯಾಲಕ್ ವಿಳಾಸ ಬಂದ ದಿನ ಮಾತ್ರ ಕೆಡುತ್ತೆ. ಹುಡುಕಿ ಸಾಕಾಗುತ್ತೆ.

ಗೋಟು_ಔಟ್:
ಊಪ್ಸ್‌ಗೆ ಕಾರಣ ನಿಮ್ಮ ಕ್ರಮ. ಸ್ಟ್ರಕ್ಟ್ ಬಿಡುಗಡೆಯಾಯ್ತು, ಹ್ಯಾಂಡ್ಲರ್ ಇನ್ನೂ ನೋಂದಣಿಯಲ್ಲೇ ಇದೆ. ಎರಡೂ ಅಲೊಕೇಶನ್ ಮೊದಲು ಮುಗಿಸಿ, ಇಂಟರಪ್ಟ್ ಕೊನೆಗೆ ಪಡೆಯಿರಿ. ಫೇಲ್ ಆದರೆ ಗೋಟು ಲೇಬಲ್‌ಗಳಲ್ಲಿ ಪಡೆದ ಕ್ರಮಕ್ಕೆ ಉಲ್ಟಾ ಬಿಚ್ಚಿ: ಇಂಟರಪ್ಟ್ ಸಿಗದಿದ್ದರೆ ಫ್ರೀ_ಬಫ್, ಬಫರ್ ಸಿಗದಿದ್ದರೆ ನೇರ ಫ್ರೀ_ಪ್ರೈವ್.

ಡೆವ್‌ಎಂ (ಪಡೆದದ್ದನ್ನು ಕರ್ನಲ್ ತಾನೇ ಬಿಡುಗಡೆ ಮಾಡುವ ಕರೆಗಳು) ಬೆರೆಸಿದ್ದೀರಾ ನೋಡಿ. ಡೆವ್‌ಎಂ ಇಂಟರಪ್ಟ್ ಬಿಡುಗಡೆಯಾಗುವುದು ಪ್ರೋಬ್ ಫೇಲ್ ಆಗಿ ಅಥವಾ ರಿಮೂವ್ (ಡ್ರೈವರ್ ಬಿಡಿಸುವ ಫಂಕ್ಷನ್) ಮುಗಿದು ಹಿಂತಿರುಗಿದ ಮೇಲೆ. ಅಷ್ಟರೊಳಗೆ ನೀವು ಸ್ಟ್ರಕ್ಟನ್ನು ಕೈಯಾರೆ ಕೆಫ್ರೀ ಮಾಡಿದ್ದರೆ ಇದೇ ಊಪ್ಸ್.

ರಿಂಗ್_ಬಫರ್:
ಹೌದು, ಇಂಟರಪ್ಟ್ ಡೆವ್‌ಎಂನದ್ದೇ. ಹ್ಯಾಂಡ್ಲರ್ ಒಳಗೂ ಜಿಎಫ್‌ಪಿ_ಅಟಾಮಿಕ್‌ನಲ್ಲಿ ಒಂದು ನೋಡ್ ಪಡೀತೀನಿ. ಅದು ಸರಿಯೇ?

ಬಡ್ಡಿ_ಲಿಸ್ಟ್:
ಪಡೆಯಬಹುದು, ಆದರೆ ಅದು ನಿದ್ದೆ ಮಾಡುವಂತಿಲ್ಲ, ಹಾಗಾಗಿ ಮೆಮೊರಿ ತೆರವಾಗುವವರೆಗೆ ಕಾಯಲ್ಲ. ಸಿಗದಿರುವುದನ್ನು ಮಾಮೂಲಿ ಅಂತಲೇ ಇಟ್ಟುಕೊಂಡು ಬರೆಯಿರಿ: ಆ ದಾಖಲೆ ಬಿಟ್ಟು, ಡ್ರಾಪ್ ಕೌಂಟರ್ ಒಂದು ಏರಿಸಿ, ಡಿವೈಸ್‌ಗೆ ಅಕ್ (ಇಂಟರಪ್ಟ್ ತಲುಪಿತು ಎನ್ನುವ ಉತ್ತರ) ಕೊಟ್ಟೇ ಹೊರಬನ್ನಿ. ಅಕ್ ಮರೆತರೆ ಲೆವೆಲ್ ಇಂಟರಪ್ಟ್ ಮತ್ತೆ ಮತ್ತೆ ಬಡಿಯುತ್ತೆ. ನೋಡ್‌ಗಳನ್ನು ಪ್ರೋಬ್‌ನಲ್ಲೇ ತೆಗೆದಿಡುವುದು ಇನ್ನೂ ಒಳ್ಳೇದು.

ಫೇಲ್_ಎನ್ತ್:
ಎರರ್ ಪಾತ್ ಓಡಿಸಿ ನೋಡದೆ ನಂಬಬೇಡಿ. ಫಾಲ್ಟ್ ಇಂಜೆಕ್ಷನ್ (ಬೇಕೆಂದೇ ಫೇಲ್ ಮಾಡಿಸುವ ಸೌಲಭ್ಯ), ಅದರ ಫೇಲ್‌ಸ್ಲ್ಯಾಬ್, ಫೇಲ್_ಪೇಜ್_ಅಲಾಕ್ ಆನ್ ಮಾಡಿ ಕರ್ನಲ್ ಕಟ್ಟಿ, ಜೊತೆಗೆ ಕಾಸಾನ್ (ಬಿಟ್ಟ ಮೆಮೊರಿ ಮುಟ್ಟಿದರೆ ಹಿಡಿಯುವ ಸಾಧನ) ಇರಲಿ. ಫೇಲ್‌ಸ್ಲ್ಯಾಬ್, ಫೇಲ್_ಪೇಜ್_ಅಲಾಕ್ ಎರಡರ ಇಗ್ನೋರ್-ಜಿಎಫ್‌ಪಿ-ವೇಟ್‌ಗೂ ‘ಎನ್’ ಬರೆಯಲೇಬೇಕು. ಡೀಫಾಲ್ಟ್ ‘ವೈ’ ಇದ್ದರೆ ಜಿಎಫ್‌ಪಿ_ಕರ್ನಲ್ ಕರೆಗಳು ಫೇಲ್ ಆಗುವುದೇ ಇಲ್ಲ. ಆಮೇಲೆ ಸಣ್ಣ ಸಿ ಪ್ರೋಗ್ರಾಂ: ಸಿಸ್‌ಎಫ್‌ಎಸ್‌ನ ಬೈಂಡ್ ಫೈಲ್ (ಇದಕ್ಕೆ ಡಿವೈಸ್ ಹೆಸರು ಬರೆದರೆ ಪ್ರೋಬ್ ಓಡುತ್ತೆ) ಮೊದಲೇ ತೆರೆದಿಟ್ಟು, /ಪ್ರಾಕ್/ಸೆಲ್ಫ್/ಫೇಲ್-ಎನ್ತ್‌ಗೆ 1 ಬರೆದು, ಬೈಂಡ್ ಮಾಡಿ. ಮುಂದಿನ ಸಲ 2, ಆಮೇಲೆ 3. ಪ್ರತಿ ಸಲ ಬೈಂಡ್ ಆದ ಮೇಲೆ ಫೇಲ್-ಎನ್ತ್ ಓದಿದಾಗ 0 ಬಂದರೆ ಫಾಲ್ಟ್ ಬಿದ್ದಿದೆ. ಧನ ಸಂಖ್ಯೆ ಬಂದರೆ ಪ್ರೋಬ್‌ನಲ್ಲಿ ಫೇಲ್ ಆಗಬಹುದಾದ ಎಲ್ಲಾ ಕರೆಗಳೂ ಮುಗಿದಿವೆ, ಅಲ್ಲಿಗೆ ನಿಲ್ಲಿಸಿ.