ಜ್ಯಾಬಿಕ್ಸ್ ಡಂಪ್ ಪೂರ್ತಿ ಇಂಪೋರ್ಟ್ ಆಯಿತು, ಆದರೆ ಸರ್ವರ್ ಮಾತ್ರ ಏಳುತ್ತಿಲ್ಲ

ಮಂಡ್ಯ_ಫೈಬರ್:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಚಿಕ್ಕದೊಂದು ಇಂಟರ್ನೆಟ್ ಸರ್ವಿಸ್ ನಡೆಸುತ್ತೇವೆ, ನಾನು ಮತ್ತೆ ಇಬ್ಬರು ಹುಡುಗರು. ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲಾ ಸೇರಿ 300ರ ಹತ್ತಿರ ಸ್ವಿಚ್, ರೂಟರ್, ಓಎಲ್‌ಟಿ (ಗಿರಾಕಿಗಳ ಫೈಬರ್ ಲೈನ್ ಬಂದು ಸೇರುವ ಪೆಟ್ಟಿಗೆ). ಅಷ್ಟನ್ನೂ ಜ್ಯಾಬಿಕ್ಸ್ 6.0 ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು, ಯಾವುದು ಬಿದ್ದರೂ ತಿಳಿಸುತ್ತಿತ್ತು. ಭಾನುವಾರ ಕರೆಂಟ್ ಹೋಗೋದು ಬರೋದು ಮಾಡಿ, ಯುಪಿಎಸ್ಸೂ ಕೈಕೊಟ್ಟು, ಸರ್ವರಿನ ಡಿಸ್ಕೇ ಹೋಯಿತು.

ಬ್ಯಾಕಪ್ ಇದೆ, ಅಷ್ಟು ಪುಣ್ಯ. ದಿನಾ ರಾತ್ರಿ 2 ಗಂಟೆಗೆ ಮೈಎಸ್‌ಕ್ಯೂಎಲ್ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತೆಗೆದು ಬೇರೆ ಮೆಷಿನ್ನಿಗೆ ಕಳಿಸುವ ಸ್ಕ್ರಿಪ್ಟ್ ಹಾಕಿದ್ದೆ. ಜಿಪ್ ಮಾಡಿದ ಮೇಲೆ 9 ಜಿಬಿ. ಒಂದು ಸಲವೂ ರಿಸ್ಟೋರ್ ಮಾಡಿ ನೋಡಿರಲಿಲ್ಲ, ಬೈಯುವವರು ಬೈಯಬಹುದು.

ಹೊಸ ಮೆಷಿನ್ ತಂದಿದ್ದೇವಲ್ಲ ಅಂತ 7.0 ಹಾಕಿದೆ. ಗೈಡಿನಲ್ಲಿದ್ದ ಹಾಗೆ ಡೇಟಾಬೇಸ್ ಮಾಡಿ, ಅದರ ಜೊತೆ ಬರುವ ಸ್ಕೀಮಾ ಫೈಲ್ (ಬೇಕಾದ ಟೇಬಲ್‌ಗಳನ್ನು ಮಾಡಿಕೊಡುವ ಫೈಲ್) ಇಂಪೋರ್ಟ್ ಮಾಡಿ, ಅದರ ಮೇಲೆ ನನ್ನ ಡಂಪ್ ಸುರಿದೆ. ಸಂಜೆ ಶುರು ಮಾಡಿದ್ದು ಬೆಳಗಿನ ಜಾವಕ್ಕೆ ಮುಗಿಯಿತು, ಎರರ್ ಒಂದೂ ಇಲ್ಲ. ಸರ್ವರ್ ಸ್ಟಾರ್ಟ್ ಮಾಡಿದರೆ ಮಾತ್ರ, ಅಪ್‌ಗ್ರೇಡ್ ಅಂತ ಶುರು ಮಾಡಿ ತಕ್ಷಣ ನಿಲ್ಲುತ್ತದೆ. ಎರರ್ 1050, ಟೇಬಲ್ ಈಗಾಗಲೇ ಇದೆಯಂತೆ. ಆ ಟೇಬಲ್ ಡಿಲೀಟ್ ಮಾಡಿದೆ, ಇನ್ನೊಂದು ಟೇಬಲ್ ಹತ್ತಿರ ನಿಂತಿತು. ಹೀಗೇ ಒಂದೊಂದೇ ಡಿಲೀಟ್ ಮಾಡ್ತಾ ಹೋಗಬಹುದಾ? ಗಿರಾಕಿಗಳು ಫೋನ್ ಮಾಡಿ ಬೈದ ಮೇಲೇ ಲಿಂಕ್ ಬಿದ್ದಿದೆ ಅಂತ ಗೊತ್ತಾಗುತ್ತಿದೆ ಈಗ.

ಹೆಬ್ಬಾಳ್_ಲಿನಕ್ಸ್:

ಅಣ್ಣ, ಇನ್ನೊಂದು ಟೇಬಲ್ ಮುಟ್ಟಬೇಡಿ.

ಆಗಿರೋದು ಇಷ್ಟು. ನಿಮ್ಮ ಡಂಪ್‌ಗೆ ಗೊತ್ತಿರೋದು 6.0ರ ಟೇಬಲ್‌ಗಳು ಮಾತ್ರ, ಅವನ್ನು ಕಿತ್ತು ತನ್ನದನ್ನು ಹಾಕಿತು. 7.0ರ ಸ್ಕೀಮಾ ಫೈಲ್ ಮಾಡಿದ್ದ ಹೊಸ ಟೇಬಲ್‌ಗಳು ಹಾಗೇ ಉಳಿದವು. ಡಿಬಿವರ್ಷನ್ ಅನ್ನೋ ಟೇಬಲ್ ಇರುತ್ತದೆ, ಅದೂ ಡಂಪ್‌ನಿಂದಲೇ ಬಂದಿದ್ದು, ಅಲ್ಲಿ 6.0 ಅಂತಿದೆ. ಸರ್ವರ್ ಅದನ್ನು ಓದಿ, ಓ ಇದು ಹಳೇ ಡೇಟಾಬೇಸ್ ಅಂತ ಹೊಸ ಟೇಬಲ್ ಮಾಡಲು ಹೋದರೆ ಅದು ಆಗಲೇ ಅಲ್ಲಿ ಕೂತಿದೆ. ಹಿಂದಿನ ಬಾಡಿಗೆಯವರ ಸಾಮಾನು ತೆಗೆಸದೆ ಹಾಲು ಉಕ್ಕಿಸಿದ ಹಾಗಾಗಿದೆ ನಿಮ್ಮದು.

ಡೇಟಾಬೇಸ್ ಪೂರ್ತಿ ಡ್ರಾಪ್ ಮಾಡಿ. ಖಾಲಿಯಾಗಿ ಮತ್ತೆ ಮಾಡಿ, ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4, ಕೊಲೇಷನ್ ಯುಟಿಎಫ್8ಎಂಬಿ4 ಬಿನ್. ಸ್ಕೀಮಾ ಫೈಲ್ ಬೇಡವೇ ಬೇಡ. ನೇರ ನಿಮ್ಮ ಡಂಪ್ ಹಾಕಿ. ಅದಕ್ಕೂ ಮೊದಲು ಡಂಪಿನ ಕೊನೇ ಸಾಲು ನೋಡಿ, 'ಡಂಪ್ ಕಂಪ್ಲೀಟೆಡ್' ಅಂತ ಇರಬೇಕು. ಇಲ್ಲದಿದ್ದರೆ ಫೈಲ್ ಅರ್ಧಕ್ಕೇ ತುಂಡಾಗಿದೆ ಅಂತ, ಹಿಂದಿನ ದಿನದ್ದು ತಗೊಳ್ಳಿ.

ಇನ್ನೊಂದು, ಮೈಎಸ್‌ಕ್ಯೂಎಲ್ 8ರಲ್ಲಿ ಬೈನರಿ ಲಾಗ್ (ಡೇಟಾಬೇಸಿನ ಬದಲಾವಣೆ ಬರೆದಿಡುವ ಲಾಗ್) ತಾನಾಗೇ ಆನ್ ಇರುತ್ತದೆ. ಅಪ್‌ಗ್ರೇಡ್ ವೇಳೆ ಜ್ಯಾಬಿಕ್ಸ್ ಡೇಟಾಬೇಸ್ ಟ್ರಿಗರ್ (ಟೇಬಲ್ ಬದಲಾದಾಗ ತಾನಾಗೇ ಓಡುವ ಕೋಡ್) ಮಾಡಲು ಹೋಗಿ 1419 ಎರರ್ ತಿನ್ನುತ್ತದೆ. ಲಾಗ್ ಬಿನ್ ಟ್ರಸ್ಟ್ ಫಂಕ್ಷನ್ ಕ್ರಿಯೇಟರ್ಸ್ ಅನ್ನೋ ಸೆಟ್ಟಿಂಗನ್ನು 1 ಮಾಡಿಕೊಳ್ಳಿ, ಮುಗಿದ ಮೇಲೆ ಮತ್ತೆ 0.

ಕಬ್ಬಿನ_ಗದ್ದೆ:

ಮೇಲಿನವರು ಹೇಳಿದ ಕಾರಣ ಸರಿ. ಆದರೆ ನಾನಾಗಿದ್ದರೆ ನೇರ 7.0ಗೆ ಹೋಗುತ್ತಿರಲಿಲ್ಲ. ಮೊದಲು 6.0 ಹಾಕಿ, ಡಂಪ್ ಸುರಿದು, ಎಲ್ಲಾ ಸರಿ ಇದೆ ಅಂತ ಕಣ್ಣಾರೆ ನೋಡಿ, ಆಮೇಲೆ ಯಾವಾಗಲಾದರೂ ನಿಧಾನಕ್ಕೆ ಅಪ್‌ಗ್ರೇಡ್. ರಿಸ್ಟೋರ್, ಅಪ್‌ಗ್ರೇಡ್ ಎರಡನ್ನೂ ಒಂದೇ ರಾತ್ರಿ ಮಾಡಿದರೆ ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ತಿಳಿಯೋದಿಲ್ಲ. ಒಂದು ಸಲ 7.0ಗೆ ಹೋದ ಡೇಟಾಬೇಸ್ ಹಿಂದಕ್ಕೆ ಬರೋದೂ ಇಲ್ಲ.

ಸರ್ವರ್ ಸ್ಟಾರ್ಟ್ ಮಾಡುವ ಮುಂಚೆ ಆಕ್ಷನ್ಸ್ (ಅಲರ್ಟ್ ಕಳಿಸುವ ನಿಯಮಗಳು) ಟೇಬಲ್‌ನಲ್ಲಿ ಸ್ಟೇಟಸ್ ಎಲ್ಲಾ 1 ಮಾಡಿ, ಅಂದರೆ ಆಫ್. ಯಾವ್ಯಾವುದು ಮೊದಲೇ ಆಫ್ ಇತ್ತು ಅಂತ ಬರೆದಿಟ್ಟುಕೊಳ್ಳಿ. ಮೂರು ದಿನದಿಂದ ಡೇಟಾ ಬಂದಿಲ್ಲವಲ್ಲ, ಎದ್ದ ತಕ್ಷಣ ಡೇಟಾ ಇಲ್ಲ ಅಂತ ಎಚ್ಚರಿಸುವ ಜ್ಯಾಬಿಕ್ಸ್ ಟ್ರಿಗರ್‌ಗಳೆಲ್ಲಾ ಒಟ್ಟಿಗೆ ಕೂಗುತ್ತವೆ. ನನಗೆ ಒಮ್ಮೆ ಹಾಗಾಗಿ ಫೋನ್ ರಾತ್ರಿಯೆಲ್ಲಾ ಕೂಗಿ, ಹೆಂಡತಿ ಅದನ್ನು ಅಕ್ಕಿ ಡಬ್ಬಕ್ಕೆ ಹಾಕಿ ಮುಚ್ಚಿಟ್ಟಿದ್ದಳು.

ಮತ್ತೆ, ಹೊಸ ಮೆಷಿನ್ನಿಗೆ ಹಳೇ ಐಪಿಯನ್ನೇ ಕೊಡಿ.

ಮಂಡ್ಯ_ಫೈಬರ್:

ಇಬ್ಬರಿಗೂ ಥ್ಯಾಂಕ್ಸ್. 6.0 ಹಾಕುತ್ತಿದ್ದೇನೆ. ಮತ್ತೆ ಇಡೀ ರಾತ್ರಿ ಕಾಯಬೇಕಾ ಅನ್ನೋದೇ ಯೋಚನೆ. ಹಳೇ ಗ್ರಾಫ್ ಹೋದರೆ ಹೋಗಲಿ, ಹೋಸ್ಟ್, ಟೆಂಪ್ಲೇಟ್, ಮ್ಯಾಪ್ ಬಂದರೆ ಸಾಕು.

ಹೆಬ್ಬಾಳ್_ಲಿನಕ್ಸ್:

ಹಾಗಿದ್ದರೆ ಸುಲಭ. ನಿಮ್ಮ 9 ಜಿಬಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹಿಸ್ಟರಿಯೇ, ಅಂದರೆ ಡಿವೈಸ್‌ಗಳಿಂದ ಬಂದ ಒಂದೊಂದು ರೀಡಿಂಗೇ ಇರುತ್ತದೆ. ಡಂಪನ್ನು ಗ್ರೆಪ್ (ಸಾಲುಗಳನ್ನು ಸೋಸುವ ಕಮಾಂಡ್) ಮೂಲಕ ಹಾಯಿಸಿ, ಹಿಸ್ಟರಿ ಅಂತ ಶುರುವಾಗುವ ಟೇಬಲ್‌ಗಳ ಇನ್ಸರ್ಟ್ ಸಾಲುಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ಇಂಪೋರ್ಟ್ ಮಾಡಿ. ಅಂಥ ಟೇಬಲ್ ಐದಿವೆ. ಕ್ರಿಯೇಟ್ ಟೇಬಲ್ ಸಾಲುಗಳು ಇರಲೇಬೇಕು, ಅದನ್ನೂ ತೆಗೆದುಬಿಟ್ಟೀರಿ ಮತ್ತೆ. ಟ್ರೆಂಡ್ಸ್ ಬಿಡಬೇಡಿ, ಅದರಲ್ಲಿ ಗಂಟೆಗೊಂದು ಸಲದ ಕನಿಷ್ಠ, ಸರಾಸರಿ, ಗರಿಷ್ಠ ಇರುತ್ತದೆ, ಹಳೇ ಗ್ರಾಫಿಗೆ ಅಷ್ಟು ಸಾಕು. ಇನ್ನೋಡಿಬಿ ಬಫರ್ ಪೂಲ್ (ಡೇಟಾಬೇಸಿಗೆ ಮೀಸಲಿಟ್ಟ ರ್ಯಾಮ್) 128 ಎಂಬಿಯಲ್ಲೇ ಇದ್ದರೆ ಅರ್ಧ ರ್ಯಾಮ್ ಕೊಡಿ.

ಮಂಡ್ಯ_ಫೈಬರ್:

ಎದ್ದಿತು! ಇಂಪೋರ್ಟ್ 40 ನಿಮಿಷದಲ್ಲಿ ಮುಗಿಯಿತು. ವರ್ಷದ ಹಿಂದಿನ ಗ್ರಾಫೂ ಕಾಣ್ತಿದೆ.

ಐಪಿ ವಿಚಾರ ಓದಿಯೂ ನಾನು ಹೊಸ ಐಪಿಯಲ್ಲೇ ಬಿಟ್ಟಿದ್ದೆ, ಏನಾಗುತ್ತೆ ಮಹಾ ಅಂತ. 300 ಡಿವೈಸೂ ಕೆಂಪು. ಸ್ವಿಚ್‌ಗಳಲ್ಲಿ ಎಸ್‌ಎನ್‌ಎಂಪಿ (ಡಿವೈಸಿನ ಸ್ಥಿತಿ ವಿಚಾರಿಸುವ ಪ್ರೋಟೊಕಾಲ್) ಹಳೇ ಐಪಿಗೆ ಮಾತ್ರ ಉತ್ತರ ಕೊಡು ಅಂತ ನಾನೇ ಹಾಕಿದ್ದು ಮರೆತೇ ಹೋಗಿತ್ತು. ಐಪಿ ಬದಲಾಯಿಸಿದ ಹತ್ತು ನಿಮಿಷಕ್ಕೆ ಒಂದೊಂದೇ ಹಸಿರಾದವು. ಪಾಂಡವಪುರದ ಎರಡು ಇನ್ನೂ ಕೆಂಪಿವೆ, ಹುಡುಗನನ್ನು ಕಳಿಸಿದರೆ ಅವು ನಿಜವಾಗಲೂ ಬಿದ್ದಿವೆಯಂತೆ.

ಅಲರ್ಟ್ ಕಳಿಸುವ ಸ್ಕ್ರಿಪ್ಟ್‌ಗಳು ಡೇಟಾಬೇಸಿನಲ್ಲಿ ಇರೋದಿಲ್ಲ ಅಂತ ಈಗ ಗೊತ್ತಾಯಿತು. ಅವು ಡಿಸ್ಕಿನ ಜೊತೆಗೇ ಹೋದವು, ನೆನಪಿನಿಂದ ಮತ್ತೆ ಬರೆಯುತ್ತಾ ಕೂತಿದ್ದೇನೆ.

ಕಬ್ಬಿನ_ಗದ್ದೆ:

ಬರೆದಾದ ಮೇಲೆ ಆ ಫೋಲ್ಡರ್, ಇಟಿಸಿ (ಸೆಟ್ಟಿಂಗ್ ಫೈಲ್‌ಗಳು ಇರುವ ಜಾಗ) ಒಳಗಿನ ಜ್ಯಾಬಿಕ್ಸ್ ಫೋಲ್ಡರ್ ಎರಡನ್ನೂ 2 ಗಂಟೆ ಸ್ಕ್ರಿಪ್ಟಿಗೆ ಸೇರಿಸಿ. ಆಕ್ಷನ್ಸ್ ವಾಪಸ್ ಆನ್ ಮಾಡಿದಿರಾ?

ಮಂಡ್ಯ_ಫೈಬರ್:

ಅಯ್ಯೋ. ಇಲ್ಲ. ಈಗ ಮಾಡಿದೆ.