ಮರಿ ಬರಬೇಕಾದ 21ನೆಯ ದಿನ ದಾಟಿತು, 24 ಮೊಟ್ಟೆಗೆ ಎರಡೇ ಮರಿ: ಉಳಿದವು ಚಿಪ್ಪಿನೊಳಗೇ ಸತ್ತಿವೆ

ಹಿತ್ತಲಗೂಡು | ಜುಲೈ 12, ರಾತ್ರಿ 10:40

ಎಲ್ಲಿ ತಪ್ಪಿದೆ ಎಂದು ಯಾರಾದರೂ ಹೇಳಿ. ಮೊಟ್ಟೆಗೆ ಕಾವು ಕೊಡಲು ಥರ್ಮಾಕೋಲ್ ಪೆಟ್ಟಿಗೆ, 40 ವಾಟಿನ ಎರಡು ಬಲ್ಬು, ಕಂಪ್ಯೂಟರಿನ ಹಳೆಯ ಫ್ಯಾನು, ಡಿಜಿಟಲ್ ಥರ್ಮೋಸ್ಟಾಟ್. ಉಷ್ಣತೆ 37.5. ದಿನಕ್ಕೆ ಐದು ಸಲ ಕೈಯಿಂದಲೇ ತಿರುವಿದ್ದೇನೆ, ಅದಕ್ಕಾಗಿ ರಾತ್ರಿ ಎರಡು ಗಂಟೆಗೂ ಎದ್ದಿದ್ದೇನೆ. 18ನೆಯ ದಿನ ತಿರುವುವುದನ್ನು ನಿಲ್ಲಿಸಿದೆ. ನಮ್ಮದೇ ನಾಟಿ ಕೋಳಿಗಳ ಮೊಟ್ಟೆ. ನಾಲ್ಕರಲ್ಲಿ ಜೀವವೇ ಕಟ್ಟಲಿಲ್ಲ, ಮೂರರಲ್ಲಿ ಏಳನೆಯ ದಿನ ರಕ್ತದ ಉಂಗುರ (ಭ್ರೂಣ ಸತ್ತ ಗುರುತು) ಕಂಡು ತೆಗೆದುಹಾಕಿದೆ. ಎರಡು ಮರಿ ಹೊರಬಂದವು. ಉಳಿದ 15 ಇವತ್ತಿಗೆ 23 ದಿನವಾದರೂ ಸದ್ದಿಲ್ಲ. 12ನೆಯ ದಿನ ಮೂರು ಗಂಟೆ ಕರೆಂಟ್ ಇರಲಿಲ್ಲ. ಅದೇ ಕಾರಣವೇ? ನಮ್ಮ ಹೇಟೆಯನ್ನು ಬುಟ್ಟಿಯಲ್ಲಿ ಕಾವಿಗೆ ಕೂರಿಸಿದರೆ 11 ಮೊಟ್ಟೆಗೆ ಒಂಬತ್ತು ಹತ್ತು ಮರಿ ಮಾಡುತ್ತದೆ.

ಮುಂಜಾವಿನಹುಂಜ | ಜುಲೈ 12, ರಾತ್ರಿ 11:05

ಕರೆಂಟ್ ಹೋದದ್ದೇ ಕಾರಣ, ಬೇರೇನೂ ಹುಡುಕಬೇಡಿ. ಮೂರು ಗಂಟೆ ಎಂದರೆ ಆಟವಲ್ಲ. ನಾನು ಹಳೆಯ ಫ್ರಿಜ್ಜನ್ನೇ ಇನ್‌ಕ್ಯುಬೇಟರ್ ಮಾಡಿಕೊಂಡಿದ್ದೇನೆ. ನಾಲ್ಕು ಅಂತಸ್ತು, 200 ಮೊಟ್ಟೆ, ತಾನಾಗಿಯೇ ವಾಲುವ ತಟ್ಟೆ, ಕೆಳಗೆ 150 ಆಂಪಿಯರ್ ಅವರ್ ಬ್ಯಾಟರಿ. ಮೊದಲು ಇನ್ವರ್ಟರ್ ಹಾಕಿಸಿ.

ಬಿಸಿಲನಾಡು | ಜುಲೈ 13, ಬೆಳಿಗ್ಗೆ 6:20

ಅಲ್ಲ, ನೀರು ಸಾಕಾಗಿಲ್ಲ. ನನಗೆ ಮೊದಲ ಎರಡು ಸಲ ಹೀಗೆಯೇ ಆಯಿತು. ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ, ಮರಿ ಕದಲಲಾರದು. ಈಗ ಎರಡು ತಟ್ಟೆ ನೀರು, ನಡುವೆ ಒದ್ದೆ ಸ್ಪಂಜು ಇಡುತ್ತೇನೆ. ಕಳೆದ ಸಲ ಜವಾರಿ ಮೊಟ್ಟೆ 30ಕ್ಕೆ 25 ಒಡೆದವು. ನೀರು ಹೆಚ್ಚಿಸಿ.

ಹಿತ್ತಲಗೂಡು | ಜುಲೈ 13, ಬೆಳಿಗ್ಗೆ 7:02

ನೀರು ಮೊದಲ ದಿನದಿಂದಲೂ ತುಂಬಿಸಿಯೇ ಇಟ್ಟಿದ್ದೆ. ತೇವಾಂಶದ ಮೀಟರು ಶೇಕಡಾ 55 ತೋರಿಸುತ್ತಿತ್ತು. ಎಲ್ಲ ಕಡೆ ಹೇಳುವುದೂ ಅಷ್ಟನ್ನೇ ಅಲ್ಲವೇ?

ಮುಂಜಾವಿನಹುಂಜ | ಜುಲೈ 13, ಬೆಳಿಗ್ಗೆ 7:30

ನೀರಿನ ಮಾತು ಬಿಡಿ. ಮೊಟ್ಟೆ ತಣ್ಣಗಾದರೆ ಮುಗಿಯಿತು.

ಗೌಡರತೋಟ | ಜುಲೈ 13, ಬೆಳಿಗ್ಗೆ 8:15

ಕಾವಿಗೆ ಕೂತ ಕೋಳಿ ದಿನವೂ ಮೇಯಲು ಎದ್ದು ಹೋಗುವುದಿಲ್ಲವೇ? ಮೊಟ್ಟೆಗೆ ಒಂದಿಷ್ಟು ತಣ್ಣಗಾಗುವುದನ್ನು ತಾಳುವ ಶಕ್ತಿ ಇದೆ. ಕರೆಂಟ್ ಬಂದ ಮೇಲೆ ಬಲ್ಬು ಒಂದೇ ಸಮನೆ ಉರಿದು 40 ದಾಟಿಸಿದರೆ ಅದು ಹೆಚ್ಚು ಅಪಾಯ. ಅಂದ ಹಾಗೆ, ಇಡುವಾಗ ಚೂಪು ಮೊಟ್ಟೆ, ದುಂಡು ಮೊಟ್ಟೆ ಎಂದು ಆರಿಸಿದ್ದಿರಾ? ಚೂಪಾದವು ಹುಂಜವಾಗುತ್ತವೆ, ಅಜ್ಜಿಯ ಕಾಲದಿಂದ ನೋಡಿದ್ದೇವೆ.

ಬಿಸಿಲನಾಡು | ಜುಲೈ 13, ಬೆಳಿಗ್ಗೆ 8:40

ಮೊಟ್ಟೆಯ ಆಕಾರಕ್ಕೂ ಗಂಡುಹೆಣ್ಣಿಗೂ ಸಂಬಂಧವಿಲ್ಲ. ಹೊಸಬರ ತಲೆಗೆ ಇದನ್ನು ತುಂಬಬೇಡಿ.

ಗೌಡರತೋಟ | ಜುಲೈ 13, ಬೆಳಿಗ್ಗೆ 9:10

ಸಂಬಂಧವಿದೆ. ನೀವು ಗುರುತು ಹಾಕಿ ನೋಡಿದ್ದೀರಾ? ನಾನು ನೋಡಿದ್ದೇನೆ.

(ಇದರ ಮೇಲೆ ಇನ್ನೂ 11 ಉತ್ತರಗಳು ಬಂದಿದ್ದವು. ಅವನ್ನು ಬೇರೆ ಎಳೆಗೆ ಸರಿಸಲಾಗಿದೆ. – ನಿರ್ವಾಹಕರು)

ಕಾವುಗೂಡು | ಜುಲೈ 13, ಮಧ್ಯಾಹ್ನ 1:25

ಹಿತ್ತಲಗೂಡು ಅವರೇ, ಎಲ್ಲರೂ ಊಹಿಸುತ್ತಿದ್ದೇವೆ, ನೀವು ಮುಖ್ಯವಾದದ್ದನ್ನು ಹೇಳಿಲ್ಲ. ಯಾವ ಕಡೆಯವರು? ಪೆಟ್ಟಿಗೆಗೆ ಗಾಳಿಯ ತೂತು ಎಷ್ಟು? ಮುಚ್ಚಳದ ಒಳಮೈಯಲ್ಲಿ ನೀರಹನಿ ಕೂರುತ್ತಿತ್ತೇ? 18ನೆಯ ದಿನ ಟಾರ್ಚ್ ಹಿಡಿದು ನೋಡಿದಾಗ ಗಾಳಿಕೋಶ (ದಪ್ಪ ತುದಿಯೊಳಗಿನ ಖಾಲಿ ಜಾಗ) ಎಷ್ಟಿತ್ತು? ಮನಸ್ಸಿಗೆ ಕಷ್ಟವಾದರೂ ಸತ್ತ ಮೊಟ್ಟೆಗಳಲ್ಲಿ ಮೂರನ್ನು ದಪ್ಪ ತುದಿಯಿಂದ ಒಡೆದು ನೋಡಿ. ಒಣಗಿ ಪೊರೆಗೆ ಅಂಟಿದೆಯೋ, ಒದ್ದೆಯಾಗಿ ಊದಿಕೊಂಡಿದೆಯೋ, ಅಷ್ಟು ಸಾಕು.

ಹಿತ್ತಲಗೂಡು | ಜುಲೈ 13, ಸಂಜೆ 6:50

ಮೂರನ್ನು ಒಡೆದೆ. ಮೂರರಲ್ಲೂ ಮರಿ ಪೂರ್ತಿ ಬೆಳೆದಿದೆ: ರೋಮ, ಉಗುರು, ಚಿಪ್ಪು ಒಡೆಯಲು ಕೊಕ್ಕಿನ ಮೇಲಿರುವ ಬಿಳಿ ಹಲ್ಲು, ಎಲ್ಲವೂ. ಮೈ ಒದ್ದೆ, ಕುತ್ತಿಗೆ ಊದಿದೆ. ಒಡೆದ ಕೂಡಲೇ ಹಳದಿ ಬೆರೆತ ತಿಳಿನೀರು ಬೆರಳ ಸಂದಿಯಿಂದ ಇಳಿಯಿತು. ಕೊಕ್ಕು ಗಾಳಿಕೋಶದ ಪೊರೆಗೆ ತಾಗಿಕೊಂಡೇ ಇದೆ, ತೂರಿಲ್ಲ. ಗಾಳಿಕೋಶ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿಲ್ಲ.

ನಮ್ಮದು ಪುತ್ತೂರಿನ ಕಡೆ. ಮಳೆ ಬಿಟ್ಟಿಲ್ಲ. ಮುಚ್ಚಳದಲ್ಲಿ ಹನಿ ಇತ್ತು, ದಿನಾ ಬಟ್ಟೆಯಲ್ಲಿ ಒರೆಸುತ್ತಿದ್ದೆ. ತೂತು ನಾಲ್ಕಿದ್ದವು. ಕರೆಂಟ್ ಹೋದಾಗ ಬಿಸಿ ಹೊರಹೋಗದಿರಲಿ ಎಂದು ಮೂರಕ್ಕೆ ಟೇಪು ಹಚ್ಚಿದೆ. ಆಮೇಲೆ ತೆಗೆಯಲಿಲ್ಲ.

ಕಾವುಗೂಡು | ಜುಲೈ 13, ರಾತ್ರಿ 9:15

ಹಾಗಾದರೆ ನೀರು ಕಡಿಮೆಯಾದದ್ದಲ್ಲ, ಹೆಚ್ಚಾದದ್ದು. ಚಿಪ್ಪಿನ ಸಣ್ಣ ರಂಧ್ರಗಳಿಂದ ಮೊಟ್ಟೆ ದಿನವೂ ಒಂದಿಷ್ಟು ನೀರನ್ನು ಆವಿಯಾಗಿ ಬಿಡಬೇಕು. 18 ದಿನಕ್ಕೆ ತೂಕ ಶೇಕಡಾ 12ರಷ್ಟು ಇಳಿದಿರಬೇಕು. ಆ ಜಾಗದಲ್ಲಿ ಗಾಳಿಕೋಶ ಬೆಳೆಯುತ್ತದೆ. ಕೊನೆಗೆ ಮೊಟ್ಟೆಯ ಮೂರರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಚಿಪ್ಪು ಒಡೆಯುವ ಮುಂಚೆ ಮರಿ ಕೊಕ್ಕನ್ನು ಅಲ್ಲಿಗೆ ತೂರಿಸಿ ಮೊದಲ ಉಸಿರು ತೆಗೆದುಕೊಳ್ಳುತ್ತದೆ. ನಿಮ್ಮ ಮರಿಗಳಿಗೆ ಆ ಜಾಗವೇ ಸಿಗಲಿಲ್ಲ. ಉಸಿರು ಬೇಕಾದ ಹೊತ್ತಿಗೆ ಪೆಟ್ಟಿಗೆಯ ತೂತುಗಳೂ ಮುಚ್ಚಿದ್ದವು.

ಲೆಕ್ಕ ನೋಡಿ. ಹೊರಗೆ 26 ಡಿಗ್ರಿ, ತೇವಾಂಶ 90 ಎಂದುಕೊಳ್ಳಿ. ಅದೇ ಗಾಳಿ 37.5ಕ್ಕೆ ಬಿಸಿಯಾದಾಗ, ಹನಿ ನೀರು ಇಡದಿದ್ದರೂ, ತೇವಾಂಶ ಸುಮಾರು 47 ಇರುತ್ತದೆ. ಮೊದಲ 18 ದಿನಕ್ಕೆ ಅಷ್ಟು ಧಾರಾಳವಾಯಿತು. ಅದರ ಮೇಲೆ ತಟ್ಟೆ ತುಂಬ ನೀರು. ಬಿಸಿಲನಾಡು ಅವರ ಕಡೆ ಬೇಸಗೆಯಲ್ಲಿ ಗಾಳಿಯೇ ಒಣಗಿರುತ್ತದೆ, ಅಲ್ಲಿ ಎರಡು ತಟ್ಟೆ ಸರಿ.

ಮುಚ್ಚಳದಲ್ಲಿ ಹನಿ ಕೂತಿದ್ದರೆ ನಿಮ್ಮ ಮೀಟರಿನ 55 ನಂಬುವ ಹಾಗಿಲ್ಲ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. 75 ತೋರಿಸಬೇಕು.

ಬಿಸಿಲನಾಡು | ಜುಲೈ 14, ಬೆಳಿಗ್ಗೆ 6:05

ಕರಾವಳಿ ಎಂದು ಮೊದಲೇ ಬರೆದಿದ್ದರೆ ನಾನು ನೀರು ಹೆಚ್ಚಿಸಿ ಎನ್ನುತ್ತಿರಲಿಲ್ಲ. ವಿಜಯಪುರದಲ್ಲಿ ಏಪ್ರಿಲ್‌ನಲ್ಲಿ ನೀರಿಲ್ಲದೆ ಇಟ್ಟರೆ ಒಂದು ಮರಿಯೂ ಬಾರದು, ಆ ಮಾತಿಗೆ ಈಗಲೂ ಬದ್ಧ.

ಮುಂಜಾವಿನಹುಂಜ | ಜುಲೈ 14, ಬೆಳಿಗ್ಗೆ 8:00

ಏನೇ ಹೇಳಿ, ಇನ್ವರ್ಟರ್ ಇರಲೇಬೇಕು. ನನ್ನ ಫ್ರಿಜ್ಜಿನ ಚಿತ್ರಗಳನ್ನು ಪಕ್ಕದ ಎಳೆಯಲ್ಲಿ ಹಾಕಿದ್ದೇನೆ. ಈ ಸಲ ಗಿರಿರಾಜ ತಳಿಯ 120 ಮೊಟ್ಟೆ ಇಟ್ಟಿದ್ದೇನೆ.

ಹಿತ್ತಲಗೂಡು | ಜುಲೈ 15, ಬೆಳಿಗ್ಗೆ 7:45

ಉಪ್ಪಿನ ಡಬ್ಬಿಯಲ್ಲಿ ಮೀಟರು 62 ತೋರಿಸುತ್ತಿದೆ. 75 ಇರಬೇಕಾದಲ್ಲಿ 62! ಅಂದರೆ 18 ದಿನವೂ 68ರ ಹತ್ತಿರ ಇಟ್ಟಿದ್ದೆ. 15 ಮರಿಗಳು. ಇನ್ನೊಮ್ಮೆ ಇಡುತ್ತೇನೆ, ಈ ಸಲ ತೂಗಿಯೇ ಇಡುತ್ತೇನೆ.

ಹಿತ್ತಲಗೂಡು | ಆಗಸ್ಟ್ 11, ರಾತ್ರಿ 9:30

ಜುಲೈ 24ಕ್ಕೆ 18 ಮೊಟ್ಟೆ ಇಟ್ಟೆ, ಎಲ್ಲವೂ ವಾರದೊಳಗಿನವು. ನೀರು ಇಡಲಿಲ್ಲ, ನಾಲ್ಕೂ ತೂತು ತೆರೆದಿವೆ. 48 ಗ್ರಾಂ ಇದ್ದ ಮೊಟ್ಟೆ ಇವತ್ತು, 18ನೆಯ ದಿನ, 42 ಗ್ರಾಂ. ಪೆನ್ಸಿಲಿನಲ್ಲಿ ಗಾಳಿಕೋಶದ ಗೆರೆ ಎಳೆದು ನೋಡಿದೆ, ಮೂರರಲ್ಲಿ ಒಂದು ಪಾಲು ಇದೆ. ಎರಡರಲ್ಲಿ ಜೀವ ಕಟ್ಟಿರಲಿಲ್ಲ. ಈಗ ನೀರು ಇಡಬೇಕಲ್ಲವೇ?

ಕಾವುಗೂಡು | ಆಗಸ್ಟ್ 11, ರಾತ್ರಿ 10:10

ಈಗ ಇಡಿ, ಕೊನೆಯ ಮೂರು ದಿನ ಪೊರೆ ಒಣಗಬಾರದು. ಸಣ್ಣ ಬಟ್ಟಲಲ್ಲಿ ಒದ್ದೆ ಸ್ಪಂಜು ಸಾಕು, ನಿಜವಾದ ತೇವಾಂಶ 65ರಿಂದ 70. ತೂತು ಮುಚ್ಚಬೇಡಿ. ಚಿಪ್ಪಿನಲ್ಲಿ ಬಿರುಕು ಕಂಡ ಮೇಲೆ ಮರಿ ಅರ್ಧ ದಿನ ಸುಮ್ಮನಿರಬಹುದು, ಒಂದು ದಿನವೂ ಆಗಬಹುದು. ಆಗ ಅದು ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯಲ್ಲಿ ಇನ್ನೂ ರಕ್ತವಿರುತ್ತದೆ. ಕರುಣೆಯಿಂದ ಚಿಪ್ಪು ಸುಲಿಯಲು ಹೋಗಬೇಡಿ.

ಹಿತ್ತಲಗೂಡು | ಆಗಸ್ಟ್ 15, ಮಧ್ಯಾಹ್ನ 12:20

18ಕ್ಕೆ 13! ಜೀವ ಕಟ್ಟದ ಎರಡನ್ನು ಬಿಟ್ಟರೆ ಮೂರು ಮಾತ್ರ ಒಡೆಯಲಿಲ್ಲ. ಮೊನ್ನೆ ರಾತ್ರಿ ಪೆಟ್ಟಿಗೆಗೆ ಕಿವಿಯಿಟ್ಟರೆ ಒಳಗಿನಿಂದ ಟಿಕ್ ಟಿಕ್ ಎನ್ನುತ್ತಿತ್ತು. ಮೊದಲನೆಯದಕ್ಕೆ ಬಿರುಕಿನಿಂದ ಹೊರಬರಲು 16 ಗಂಟೆ ಹಿಡಿಯಿತು, ನಾನು ಮುಚ್ಚಳ ಮುಟ್ಟಲಿಲ್ಲ. ಎಲ್ಲವೂ ಒಣಗಿ ಉಬ್ಬಿದ ಮೇಲೆ ಬುಟ್ಟಿಗೆ ಹಾಕಿದೆ. ಕಾವುಗೂಡು ಅವರಿಗೆ ಮನಸಾರೆ ವಂದನೆ.

ಗೌಡರತೋಟ ಅವರೇ, ಕೊನೆಯ ಮೂರು ದಿನ ಚೂಪು ಮೊಟ್ಟೆಗಳನ್ನು ಜಾಲರಿ ಅಡ್ಡವಿಟ್ಟು ಬೇರೆ ಮಾಡಿದ್ದೆ. ಆ ಐದು ಮರಿಗಳ ಕಾಲಿಗೆ ಸಡಿಲವಾಗಿ ಕೆಂಪು ದಾರ ಕಟ್ಟಿದ್ದೇನೆ.

ಗೌಡರತೋಟ | ಆಗಸ್ಟ್ 15, ಮಧ್ಯಾಹ್ನ 1:05

ಐದೂ ಹುಂಜವೇ. ದಾರವನ್ನು ವಾರಕ್ಕೊಮ್ಮೆ ಬದಲಿಸಿ, ಕಾಲು ಬೇಗ ದಪ್ಪವಾಗುತ್ತದೆ.