ಗೋಧಿಯ ಜೀನೋಮು ದೊಡ್ಡದೆಂದರೆ ಅದರಲ್ಲಿ ವಂಶವಾಹಿಗಳೂ ಹೆಚ್ಚೇ?

ಪ್ರಶ್ನೆ, ಸಿಂಧನೂರಿನ ಬೆಳೆಗಾರ:
ನಾವು ಕಾಲುವೆ ನೀರಿನಲ್ಲಿ ಭತ್ತವನ್ನೂ ಎರೆಹೊಲದಲ್ಲಿ ಹಿಂಗಾರಿ ಜೋಳವನ್ನೂ ಬೆಳೆಯುತ್ತೇವೆ. ಗೋಧಿಯ ಜೀನೋಮು, ಅಂದರೆ ಅದರ ಒಟ್ಟು ಡಿಎನ್‌ಎ, ಭತ್ತದ್ದಕ್ಕಿಂತ ಸುಮಾರು 40 ಪಟ್ಟು ದೊಡ್ಡದೆಂದು ಕೃಷಿ ಪದವಿ ಓದುತ್ತಿರುವ ಮಗಳು ಹೇಳಿದಳು. ಹಾಗಾದರೆ ವಂಶವಾಹಿಗಳೂ ಅಷ್ಟೇ ಪಟ್ಟು ಇರುತ್ತವೆಯೇ?

ಉತ್ತರ, ರಾಯಚೂರಿನಿಂದ:
ಇಲ್ಲ. ಭತ್ತದ 12 ವರ್ಣತಂತುಗಳಲ್ಲಿ ಸುಮಾರು 40 ಕೋಟಿ, ಜೋಳದ 10ರಲ್ಲಿ ಸುಮಾರು 73 ಕೋಟಿ, ಗೋಧಿಯ 21ರಲ್ಲಿ ಸುಮಾರು 1,600 ಕೋಟಿ ಪ್ರತ್ಯಾಮ್ಲ ಜೋಡಿಗಳಿವೆ (ಡಿಎನ್‌ಎಯ ಅಕ್ಷರಗಳಿದ್ದಂತೆ). ಆದರೆ 2018ರಲ್ಲಿ ಪ್ರಕಟವಾದ ಗೋಧಿಯ ನಕ್ಷೆಯಲ್ಲಿ ಖಚಿತವಾಗಿ ಗುರುತಿಸಲಾದ ವಂಶವಾಹಿಗಳು 1,07,891 ಮಾತ್ರ. ಅಷ್ಟಾದರೂ ಇರುವುದು ಮೂರು ಪೂರ್ವಜ ಹುಲ್ಲುಗಳ ಜೀನೋಮುಗಳು ಅದರಲ್ಲಿ ಒಂದುಗೂಡಿರುವುದರಿಂದ. ಮಿಕ್ಕ ಜಾಗದ ಬಹುಪಾಲನ್ನು ತುಂಬಿರುವುದು ತಮ್ಮದೇ ಪ್ರತಿಗಳನ್ನು ಮಾಡಿಕೊಂಡು ಹೊಸ ಹೊಸ ಕಡೆ ಸೇರಿಕೊಳ್ಳುತ್ತ ಬಂದ ಜಿಗಿಯುವ ತುಣುಕುಗಳು. ಮೆಕ್ಕೆಜೋಳದ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನು ಗಮನಿಸುತ್ತಲೇ ಬಾರ್ಬರಾ ಮೆಕ್‌ಕ್ಲಿಂಟಾಕ್ ಇಂಥ ತುಣುಕುಗಳನ್ನು ಕಂಡುಹಿಡಿದರು. 1983ರಲ್ಲಿ ಅವರಿಗೆ ನೊಬೆಲ್ ಬಂತು.

ಉತ್ತರ, ಗಂಗಾವತಿಯಿಂದ:
ವಂಶವಾಹಿಗಳ ಹಂಚಿಕೆಯನ್ನೂ ಗಮನಿಸಬೇಕು. ನಮ್ಮ ಕಾಲುವೆಯ ಕೊನೆಯಂಚಿಗೆ ನೀರು ತಲುಪುವುದೇ ಕಷ್ಟ. ಗೋಧಿ, ಜೋಳಗಳ ವರ್ಣತಂತುವಿನಲ್ಲಿ ಮಾತ್ರ ತದ್ವಿರುದ್ಧವಾಗಿ ಎರಡೂ ತುದಿಗಳ ಕಡೆಗೇ ವಂಶವಾಹಿಗಳು ಒತ್ತಾಗಿರುತ್ತವೆ, ವರ್ಣತಂತುವಿನ ಸೊಂಟದಂತಿರುವ ಸೆಂಟ್ರೊಮಿಯರ್ ಸುತ್ತ ವಿರಳವಾಗಿರುತ್ತವೆ. ಆ ವಿರಳ ಭಾಗದಲ್ಲಿ ತಂದೆತಾಯಿ ತಳಿಗಳ ಅಡ್ಡಬದಲಾವಣೆ (ವರ್ಣತಂತುಗಳ ತುಂಡುಗಳ ಅದಲುಬದಲು) ತೀರ ಕಡಿಮೆ. ಹಾಗಾಗಿ ಅಲ್ಲಿರುವ ಒಳ್ಳೆಯ ಗುಣವೊಂದನ್ನು ಹೊಸ ತಳಿಗೆ ತರಹೊರಟರೆ ಅಕ್ಕಪಕ್ಕದ ಬೇಡದ ಗುಣಗಳೂ ಜೊತೆಗೇ ಬರುತ್ತವೆ. ತಳಿ ಅಭಿವೃದ್ಧಿಗೆ ವರ್ಷಗಳು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಸಿಂಧನೂರಿನ ಬೆಳೆಗಾರ:
ಧನ್ಯವಾದಗಳು. ಭತ್ತ ಮತ್ತು ಜೋಳದಲ್ಲಿ ವಂಶವಾಹಿಗಳ ಸಾಲು ಒಂದಕ್ಕೊಂದು ಹೋಲುತ್ತದೆಯೇ?

ರಾಯಚೂರಿನಿಂದ:
ಬಹುಮಟ್ಟಿಗೆ ಹೋಲುತ್ತದೆ. ಎರಡೂ ಹುಲ್ಲಿನ ಕುಟುಂಬದವೇ ಆದ್ದರಿಂದ, ಕೋಟ್ಯಂತರ ವರ್ಷಗಳ ಹಿಂದೆ ಕವಲೊಡೆದಿದ್ದರೂ ಉದ್ದುದ್ದ ಭಾಗಗಳಲ್ಲಿ ಅದೇ ಅನುಕ್ರಮ ಉಳಿದಿದೆ.